ಕಾಡಿಗೆ ವಿನಯಾ, ಒಲೆಗೆ ರತೀಶ

"ಈ ಸಲ ಮಾತ್ರ ನಾನ್ ಸೌಟ್ ಮುಟ್ಟುದಿಲ್ಲೆ."

ಉಪ್ಪುಂದದ ವಿನಯಾ ಈ ಮಾತು ಹೇಳುವಾಗ ಅವಳ ಕೈಯಲ್ಲಿ ಸೌಟೇ ಇತ್ತು. ಒಲೆಯ ಮೇಲೆ ಬಂಗುಡೆ ಸಾರು ಕುದಿಯುತ್ತಿತ್ತು. ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆ ಚಂದ್ರಮತಿ ಒಳಗೆ ಇಣುಕಿ ನೋಡಿ ನಕ್ಕಳು.

"ಹಾಂಗಾರೆ ಈಗ ಕೈಯಗ್ ಇಪ್ಪುದ್ ಎಂತದ್ ಹೆಣೆ, ಪೆನ್ನಾ?"

"ಇದ್ ಮನಿ ಅತ್ತೆ. ನಾನ್ ಹೇಳುದ್ ಕಾಡಿನ್ ಸುದ್ದಿ."

ಡಿಸೆಂಬರಿನಲ್ಲಿ ವಿನಯಾ ಹನ್ನೊಂದು ಮಂದಿ ಹೆಂಗಸರನ್ನು ಮೂರು ರಾತ್ರಿಯ ಮಟ್ಟಿಗೆ ಘಟ್ಟದ ಬುಡದ ಮಳೆಕಾಡಿಗೆ ಕರೆದೊಯ್ಯುವವಳಿದ್ದಳು. ಕಾಡಿನಂಚಿನಲ್ಲಿ ಡೇರೆ ಹಾಕಿ ಉಳಿಯುವುದು, ಬೆಳಿಗ್ಗೆ ಸಂಜೆ ಕಾಡಿನ ನಡಿಗೆ, ಹಕ್ಕಿಯೋ ಪ್ರಾಣಿಯೋ ಕಪ್ಪೆಯೋ, ಕಂಡದ್ದರ ಕತೆ ಹೇಳುವುದು. ಇಂಥ ಪ್ರವಾಸಗಳನ್ನು ಅವಳು ಎಷ್ಟೋ ನಡೆಸಿದ್ದಳು. ಆದರೆ ಅವೆಲ್ಲ ಬೇರೆಯವರ ಹೆಸರಿನಲ್ಲಿ ನಡೆದವು. ತನ್ನದೇ ಹೆಸರಿನಲ್ಲಿ, ತಾನೇ ಎಲ್ಲವನ್ನೂ ಗೊತ್ತುಮಾಡಿ ನಡೆಸುವ ಪ್ರವಾಸ ಇದು ಮೊದಲನೆಯದು.

ಕಡಲ ಬದಿಯ ಮನೆಯ ಸೊಸೆಗೆ ಕಾಡಿನ ನಂಟು ಹೇಗೆ ಬಂತು ಎಂದು ಕೇಳುವವರಿದ್ದಾರೆ. ಮೀನಿನಿಂದಲೇ ಬಂತು. ಚಂದ್ರಮತಿ ಹರೆಯದಿಂದಲೂ ಬುಟ್ಟಿ ಹೊತ್ತವಳು. ದಡಕ್ಕೆ ಬಂದ ಮೀನು ಹಿಡಿದು, ಬೈಂದೂರಿನಿಂದ ಕೊಲ್ಲೂರಿಗೆ ಹೋಗುವ ಬಸ್ಸು ಹತ್ತಿ, ಗೋಳಿಹೊಳೆಯ ಹತ್ತಿರ ಇಳಿದು, ಅಲ್ಲಿಂದ ಕಾಡಿನ ಬುಡದ ಮನೆಗಳಿಗೆ ನಡೆದೇ ಹೋಗುತ್ತಿದ್ದಳು. ಮದುವೆಯಾಗಿ ಬಂದ ವರ್ಷವೇ ವಿನಯಾಳ ತಲೆಗೂ ಒಂದು ಬುಟ್ಟಿ ಬಂತು. ಅತ್ತೆ ಮುಂದೆ, ಸೊಸೆ ಹಿಂದೆ. ಅತ್ತೆಗೆ ಮೀನು ಹಾಳಾಗುವ ಅವಸರ. ಸೊಸೆಗೆ ಎಲ್ಲ ಕಡೆ ನಿಂತು ನೋಡುವ ಚಾಳಿ. ಮರದ ಮೇಲೆ ಕೆಂದಳಿಲು ಓಡಿದರೆ ನಿಂತಳು, ಮಂಗಟ್ಟೆ ಹಕ್ಕಿ ಹಾರುವಾಗ ರೆಕ್ಕೆ ಉಸಿರು ಬಿಟ್ಟ ಹಾಗೆ ಸದ್ದು ಮಾಡಿದರೆ ನಿಂತಳು. ನಿನ್ನೆ ತೋಟಕ್ಕೆ ಕಾಟಿ, ಅಂದರೆ ಕಾಡುಕೋಣ, ಇಳಿದಿತ್ತು ಎಂದು ಯಾವುದೋ ಮನೆಯಲ್ಲಿ ಹೇಳಿದರೆ, ಎಲ್ಲಿಂದ ಇಳಿಯಿತು, ಎಲ್ಲಿಗೆ ಹೋಯಿತು ಎಂದು ಕೇಳಿದಳು. ಮೀನು ಮಾರುವವಳಿಗೆ ಊರಿನ ಎಲ್ಲ ಮನೆಗಳ ಹಿಂಬಾಗಿಲೂ ಗೊತ್ತಿರುತ್ತದೆ. ವಿನಯಾಳಿಗೆ ಕಾಡಿನ ಹಿಂಬಾಗಿಲೂ ಗೊತ್ತಾಯಿತು.

ಆ ದಾರಿಯಲ್ಲೇ ಜಿತೇಂದ್ರ ಎಂಬವರ ಹೋಂಸ್ಟೇ ಇತ್ತು. ಮೊದಲು ಅಲ್ಲಿಗೆ ಮೀನು ಕೊಟ್ಟಳು. ಆಮೇಲೆ ಮೀನು ಬೇಯಿಸಿ ಕೊಟ್ಟಳು. ಒಂದು ದಿನ ಗೈಡು ಬಾರದೆ ಹೋದಾಗ ಅತಿಥಿಗಳನ್ನು ಕಾಡಿಗೂ ಕರೆದೊಯ್ದಳು. ಅವರು ಹಿಂತಿರುಗಿ ಬಂದು, ನಾಳೆಯೂ ಇವರನ್ನೇ ಕಳಿಸಿ ಎಂದರು. ಅರಣ್ಯ ಇಲಾಖೆಯವರು ಗೈಡುಗಳಿಗೆ ತರಬೇತಿ ಇಟ್ಟಾಗ ಅವಳೂ ಹೋಗಿ ಕೂತಳು. ಕೊರಳಿಗೆ ಹಾಕಿಕೊಳ್ಳುವ ಕಾರ್ಡು ಬಂತು, ದುರ್ಬೀನು ಬಂತು. ಆದರೆ ಹೋಂಸ್ಟೇಯ ಅಡುಗೆಮನೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಹಕ್ಕಿಗಳು ಏಳುವ ಮೊದಲೇ ಎದ್ದು ನೀರುದೋಸೆ ಹುಯ್ದು, ಅತಿಥಿಗಳ ಜೊತೆ ಕಾಡು ಹತ್ತಿ, ಇಳಿದು ಬಂದು ಮಧ್ಯಾಹ್ನದ ಸಾರಿಗೆ ಕಾಯಿ ತುರಿಯುತ್ತಿದ್ದಳು. ಹೊರಡುವಾಗ ಅತಿಥಿಗಳು ಕಾಡು ತೋರಿಸಿದ್ದಕ್ಕೆ ಜಿತೇಂದ್ರರಿಗೂ, ಊಟ ಬಡಿಸಿದ್ದಕ್ಕೆ ವಿನಯಾಳಿಗೂ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಜಿತೇಂದ್ರ ಕೆಟ್ಟವರೇನಲ್ಲ. ಆ ಥ್ಯಾಂಕ್ಸು ಎಲ್ಲಿಗೆ ಸೇರಬೇಕಾದದ್ದು ಎಂದು ಅವರಿಗೆ ಒಂದು ದಿನವೂ ಹೊಳೆಯಲಿಲ್ಲ, ಅಷ್ಟೆ.

ಹಾಗೆ ಬಂದುಹೋದವರಲ್ಲಿ ಬ್ರಹ್ಮಾವರದ ಹೈಸ್ಕೂಲು ಟೀಚರು ಅಮಿತಾ ಒಬ್ಬರು. ಮಳೆಗಾಲ ಮುಗಿದ ಮೇಲೆ ಅವರ ಫೋನು ಬಂತು.

"ವಿನಯಕ್ಕ, ನಾವು ಹನ್ನೊಂದು ಜನ ಹೆಂಗಸರು. ಕಾಡಲ್ಲಿ ಉಳೀಬೇಕು. ಜಿತೇಂದ್ರರ ಹತ್ತಿರ ಅಲ್ಲ, ನಿಮ್ಮ ಹತ್ತಿರ. ಮಾಡಿಸ್ತೀರಾ?"

ಮಾಡಿಸುತ್ತೇನೆ ಎಂದು ಬಾಯಿ ತಾನಾಗಿಯೇ ಹೇಳಿಬಿಟ್ಟಿತು. ಆಗಲೇ ಅವಳು ನಿರ್ಧಾರ ಮಾಡಿದ್ದು, ಈ ಪ್ರವಾಸದಲ್ಲಿ ತಾನು ಗೈಡು ಮಾತ್ರ ಎಂದು. ಸೌಟು ಒಮ್ಮೆ ಕೈಗೆ ಬಂದರೆ ಹನ್ನೊಂದು ಜನರ ಕಣ್ಣಿಗೂ ತಾನು ಮತ್ತೆ ಅಡುಗೆಯ ವಿನಯಕ್ಕನೇ. ಆಮೇಲೆ ಎಷ್ಟು ಕಾಡು ತೋರಿಸಿದರೂ ಅದು ಅಡುಗೆಯವಳು ಬಿಡುವಿನಲ್ಲಿ ತೋರಿಸಿದ ಕಾಡು.

ಏರ್ಪಾಡು ಶುರುವಾಯಿತು. ಅಭಯಾರಣ್ಯದ ಒಳಗೆ ಡೇರೆ ಹಾಕುವ ಹಾಗಿಲ್ಲ. ಗಡಿಯ ಹೊರಗೆ, ಆದರೆ ಕಾಡಿಗೆ ತಾಗಿದಂತೆ ಜಾಗ ಬೇಕು. ನೀರು ಹತ್ತಿರವಿರಬೇಕು, ಯಾರಿಗಾದರೂ ಹುಷಾರು ತಪ್ಪಿದರೆ ಜೀಪು ಬರುವ ದಾರಿಯೂ ಇರಬೇಕು. ತಾನು ಮೀನು ಹೊತ್ತು ತಿರುಗಿದ ಮನೆಗಳನ್ನೆಲ್ಲ ಮನಸ್ಸಿನಲ್ಲೇ ಸುತ್ತಿಬಂದ ವಿನಯಾ ಕೊನೆಗೆ ನಿಂತದ್ದು ಮಾವಿನಹಕ್ಲಿನ ಸೂರಣ್ಣನ ಅಂಗಳದಲ್ಲಿ. ಅವನ ಗದ್ದೆಯ ಮೇಲೊಂದು ಸಮತಟ್ಟಾದ ಕೆಂಪು ಮುರಕಲ್ಲಿನ ಬಯಲು, ಆಚೆಗೆ ಹೊಳೆ, ಹೊಳೆ ದಾಟಿದರೆ ಕಾಡು. ಸೂರಣ್ಣ ತಲೆ ಕೆರೆದುಕೊಂಡು ಒಪ್ಪಿದ. ಅರಣ್ಯ ಇಲಾಖೆಯ ಅನುಮತಿಯೂ ಅದೇ ಜಾಗಕ್ಕೆ ಸಿಕ್ಕಿತು, ನಡಿಗೆಗೆ ಒಬ್ಬರು ಗಾರ್ಡು ಜೊತೆಗೆ ಬರುವ ಕರಾರಿನ ಮೇಲೆ.

ಜಿತೇಂದ್ರರ ಪ್ರವಾಸಗಳು ಬೆಳಿಗ್ಗೆ ಆರಕ್ಕೇ ಹೊರಡುತ್ತಿದ್ದವು. ವಿನಯಾ ತನ್ನ ವ್ಯಾನು ಬ್ರಹ್ಮಾವರ ಬಿಡುವುದು ಹತ್ತಕ್ಕೆ ಎಂದಳು. ಅಮಿತಾರಿಗೆ ಆಶ್ಚರ್ಯವಾಯಿತು.

"ಇಷ್ಟು ತಡವಾ ವಿನಯಕ್ಕ?"

"ಆರ್ ಗಂಟಿಗ್ ಹೊರ್ಡ್ಕಂದ್ರೆ ನೀವೆಲ್ಲ ಎಷ್ಟೊತ್ತಿಗ್ ಏಳ್ಕ್ ಟೀಚರೆ? ಮನಿಯವ್ರಿಗ್ ತಿಂಡಿ, ಮಧ್ಯಾಹ್ನಕ್ ಸಾರ್, ಮಕ್ಳ್ ಬಟ್ಟಿ ಎಲ್ಲ ಮುಗ್ಸಿಯೇ ಬಪ್ದಲ್ದಾ? ನಿದ್ದಿ ಕೆಟ್ಟ್ ಬಂದವ್ರಿಗ್ ಕಾಡ್ ಕಾಂಬುದಿಲ್ಲೆ."

ಅಮಿತಾ ಜೋರಾಗಿ ನಕ್ಕರು. "ಹತ್ತಕ್ಕೇ ಇರಲಿ ಮಾರಾಯ್ತಿ."

ಹೆಂಗಸಿಗೆ ಪ್ರವಾಸದ ತಯಾರಿ ಎಂದರೆ ಎರಡು ತಯಾರಿ ಎಂದು ವಿನಯಾಳಿಗೆ ಗೊತ್ತಿತ್ತು. ಗಂಡ ರತೀಶ ಹತ್ತು ದಿನ ಆಳಸಮುದ್ರಕ್ಕೆ ಹೋಗುವಾಗ ಮೊಳೆಯಲ್ಲಿ ತೂಗುವ ಒಂದು ಚೀಲ ತೆಗೆದುಕೊಂಡು ಮೆಟ್ಟಿಲು ಇಳಿದರೆ ಮುಗಿಯಿತು. ಅವಳು ಮೂರು ರಾತ್ರಿ ಹೊರಗಿರಬೇಕಾದರೆ ಇಡೀ ಮನೆಯನ್ನೇ ಮಡಚಿ ಇಡಬೇಕು. ಅತ್ತೆಯ ಬಿಪಿ ಗುಳಿಗೆ, ಗ್ಯಾಸು, ಕೋಳಿಗೂಡು, ಪಿಯುಸಿ ಓದುವ ಮಗಳು ಸುಪ್ರೀತಾಳ ಬುತ್ತಿ, ಪಕ್ಕದ ಮನೆಯವರಿಗೆ ಒಂದು ಮಾತು. ಇದನ್ನು ಯಾರೂ ತಯಾರಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಪ್ಪಿದರೆ ಮಾತ್ರ ಎಲ್ಲರ ಲೆಕ್ಕಕ್ಕೂ ಬರುತ್ತದೆ.

ಎಲ್ಲ ಒಂದು ಹದಕ್ಕೆ ಬಂತು ಎನ್ನುವಾಗ ಅಡುಗೆಗೆ ಗೊತ್ತುಮಾಡಿದ್ದ ಶೀನ ಕೈಕೊಟ್ಟ. ಕೋಟದಲ್ಲಿ ಸಾಲು ಮದುವೆಗಳು, ದೊಡ್ಡ ಅಡುಗೆ, ಬರಲಾಗುವುದಿಲ್ಲ ಎಂದ. ವಿನಯಾ ಹೆಮ್ಮಾಡಿಯವರೆಗೆ ವಿಚಾರಿಸಿದಳು. ಮದುವೆಯ ಕಾಲದಲ್ಲಿ ಸೌಟು ಹಿಡಿಯಬಲ್ಲ ಗಂಡಸು ಒಬ್ಬನೂ ಖಾಲಿ ಇರಲಿಲ್ಲ.

"ನಾನ್ ಬತ್ತೆ ತಗೋ," ಎಂದಳು ಚಂದ್ರಮತಿ. "ಹನ್ನೊಂದ್ ಜನ ಎಂತ, ಇಪ್ಪತ್ತ್ ಜನಕ್ ಬೇಯಿಸ್ತೆ."

"ಬ್ಯಾಡ ಅತ್ತೆ. ನಿಮ್ಮನ್ನ ಒಲಿ ಮುಂದ್ ಕೂರ್ಸಿ ನಾನ್ ಹಕ್ಕಿ ತೋರ್ಸುಕ್ ಹೋಪುದಾ? ಅದೆಂತ ಚಂದ?"

ಅವಳ ಕಣ್ಣು ಜಗಲಿಯ ಇನ್ನೊಂದು ತುದಿಗೆ ಹೋಯಿತು. ಅಲ್ಲಿ ರತೀಶ ಮೊಬೈಲು ನೋಡುತ್ತ ಮಲಗಿದ್ದ. ಬೋಟಿನ ಎಂಜಿನು ಕೆಟ್ಟು ಮಲ್ಪೆಯಲ್ಲಿ ರಿಪೇರಿಗೆ ಬಿದ್ದಿತ್ತು. ಹೊಸ ವರ್ಷದವರೆಗೆ ಕೆಲಸವಿಲ್ಲ. ಆ ಬೋಟಿನಲ್ಲಿ ರತೀಶನ ಕೆಲಸ ಅಡುಗೆ. ಬಲೆ ಎಳೆಯುವಾಗ ಎಲ್ಲರ ಜೊತೆ ಎಳೆದು, ಉಳಿದ ಹೊತ್ತು ಎಂಟು ಮಂದಿಗೆ ಬೇಯಿಸಿ ಹಾಕುವುದು. ಅವನ ಕೈಯ ಸಾರಿನ ಸುದ್ದಿ ಮಲ್ಪೆಯ ಮೀನುಬಂದರಿನ ದಕ್ಕೆಯಿಡೀ ಇತ್ತು. ಆದರೆ ದಡಕ್ಕೆ ಕಾಲಿಟ್ಟ ಕೂಡಲೇ ಆ ಕೈಗೆ ಎಲ್ಲ ಮರೆತುಹೋಗುತ್ತಿತ್ತು. ಮನೆಯಲ್ಲಿ ಉಪ್ಪಿನ ಡಬ್ಬಿ ಯಾವುದೆಂದು ಅವನಿಗೆ ತಿಳಿಯದು.

ವಿನಯಾ ಚಾ ತಂದಿಟ್ಟು ಹತ್ತಿರ ಕೂತಳು.

"ಹ್ವಾಯ್, ಒಂದ್ ಮಾತಿತ್ತ್. ಕಾಡಿಗ್ ಅಡ್ಗಿಯವ್ರ್ ಬೇಕ್. ನೀವ್ ಬನ್ನಿ."

ರತೀಶ ಎದ್ದು ಕೂತ. "ನಾನಾ? ಅಡ್ಗಿಗಾ?"

"ಬೋಟಂಗೆ ಮಾಡುದ್ ಅದನ್ನೇ ಅಲ್ದಾ?"

"ಅದ್ ಬೇರೆ. ಅದ್ ಕೆಲ್ಸ."

"ಹಾಂಗಾರೆ ಮನಿಯಗ್ ನಾನ್ ಮಾಡುದ್ ಎಂತದ್? ಆಟ್ವಾ?"

ಚಂದ್ರಮತಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. "ಅವ್ನ್ ಸಾರನ್ನ ಊರಿಡೀ ಹೊಗಳ್ತ್ ಹೆಣೆ. ಹೆತ್ತವ್ಳಿಗ್ ಒಂದ್ ದಿನ ರುಚಿ ಕಾಂಬುಕ್ ಸಿಕ್ಕಲ್ಲೆ."

"ಅಮ್ಮಾ, ನೀನ್ ಸುಮ್ನೆ ಕೂಕೊ," ಎಂದು ರತೀಶ ಹೆಂಡತಿಯತ್ತ ತಿರುಗಿದ. "ಅಲ್ಲ ಮಾರಾಯ್ತಿ, ಬೋಟಿನವ್ರ್ ಕೇಂಡ್ರೆ ಎಂತ ಹೇಳ್ತ್ರ್? ರತೀಶ ಹೆಂಡ್ತಿ ಕೈಕೆಳ್ಗೆ ಅಡ್ಗಿ ಮಾಡುಕ್ ಹೋದ ಅಂಬ್ರ್."

"ನಿಮ್ ತಾಂಡೇಲ ನಿಮ್ಕಿಂತ ಎಷ್ಟ್ ಸಣ್ಣವ? ಅವ್ನ್ ಕೈಕೆಳ್ಗೆ ಮಾಡುವತಿಗೆ ನಾಚ್ಕಿ ಆಪುದಿಲ್ಲೆ?"

ಬೋಟು ನಡೆಸುವವನು ತಾಂಡೇಲ. ದಡದಲ್ಲಿ ಅವನು ಯಾರೇ ಆಗಿರಲಿ, ತಮ್ಮನೋ ಅಳಿಯನೋ ನಿನ್ನೆ ಮೊನ್ನೆ ಮೀಸೆ ಬಂದವನೋ, ನೀರಿಗೆ ಇಳಿದ ಮೇಲೆ ಅವನ ಮಾತು ಮಾತು. ರತೀಶ ಆರಿದ ಚಾವನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ.

"ಶೀನಂಗ್ ಕೊಡು ಸಂಬ್ಳ ನಂಗೂ ಕೊಡ್ಕ್, ಕಾಣ್," ಎಂದ ಕೊನೆಗೆ.

"ಕೊಡ್ತೆ. ಆದ್ರೆ ಒಂದ್ ಸಂಗ್ತಿ. ಕ್ಯಾಂಪಂಗೆ ಮೀನ್ ಇಲ್ಲೆ. ಒಣಮೀನೂ ಇಲ್ಲೆ. ಆ ವಾಸ್ನಿಗ್ ಕಾಡಂಗಿಪ್ಪುದೆಲ್ಲ ಡೇರಿ ಬಾಗ್ಲಿಗ್ ಬತ್ತ್."

"ಮೀನಿಲ್ದೆ ಅಡ್ಗಿಯಾ!" ಎಂದು ರತೀಶ ಹಣೆ ಚಚ್ಚಿಕೊಂಡ.

ಅತಿಥಿಗಳು ಬರುವ ಮೊದಲು ಒಂದು ರಾತ್ರಿ ತಾವೇ ಉಳಿದು ನೋಡಬೇಕು ಎಂದು ವಿನಯಾ ಹಟ ಹಿಡಿದಳು. ಡೇರೆ ಎಲ್ಲಿ ಹಾಕಿದರೆ ಇಬ್ಬನಿ ಕಡಿಮೆ, ಕತ್ತಲೆಯಲ್ಲಿ ಕಕ್ಕಸಿಗೆ ಹೋಗುವ ದಾರಿ ಹೆದರಿಕೆ ಹುಟ್ಟಿಸುತ್ತದೋ ಇಲ್ಲವೋ, ಇದೆಲ್ಲ ಮನೆಯಲ್ಲಿ ಕೂತು ಹೇಳಲಾಗದು. ರತೀಶ ಅಡುಗೆಯವನಾಗಿ, ಚಂದ್ರಮತಿ ಅತಿಥಿಯಾಗಿ ಹೊರಟರು. ಸುಪ್ರೀತಾ ಪರೀಕ್ಷೆ ಇದೆ ಎಂದು ಅತ್ತೆಮನೆಗೆ, ಎಂದರೆ ರತೀಶನ ಅಕ್ಕನ ಮನೆಗೆ ಹೋದಳು.

ಮಾವಿನಹಕ್ಲಿನ ಬಯಲಿನಲ್ಲಿ ರತೀಶ ಒಲೆ ಹೂಡಿದ ರೀತಿ ನೋಡಬೇಕಿತ್ತು. ಗ್ಯಾಸಿನ ಒಲೆಯ ಸುತ್ತ ನಾಲ್ಕು ಗೂಟ ಹುಗಿದು, ಪಾತ್ರೆ ಅಲುಗದ ಹಾಗೆ ಸುತ್ತ ತಂತಿ ಬಿಗಿದ.

"ಇಲ್ಲ್ ಎಂತ ಅಲಿ ಬತ್ತಾ ಮಗಾ?" ಎಂದಳು ಚಂದ್ರಮತಿ.

ಅವನು ನಾಚಿದ, ಆದರೆ ತಂತಿ ಬಿಚ್ಚಲಿಲ್ಲ. ನೀರನ್ನಂತೂ ಬೋಟಿನ ಅಭ್ಯಾಸದಂತೆ ತುಪ್ಪದ ಹಾಗೆ ಬಳಸಿದ. ಅಕ್ಕಿ ತೊಳೆದ ನೀರಲ್ಲಿ ಬಾಳೆಕಾಯಿ ತೊಳೆದು, ಆ ನೀರನ್ನು ಪಾತ್ರೆ ನೆನೆಸಲು ಇಟ್ಟ. ಹೊಳೆಯಿಂದ ಹೊತ್ತು ತರುವ ನೀರು ಇಷ್ಟು ಕಡಿಮೆ ಸಾಕಾಗುತ್ತದೆ ಎಂದು ವಿನಯಾ ಎಣಿಸಿರಲಿಲ್ಲ. ಅವಳು ಕಕ್ಕಸಿನ ಗುಂಡಿಗೆ ತೆಂಗಿನ ಮಡಲಿನ ಮರೆ ಕಟ್ಟಿ, ಹೊಳೆ ದಾಟುವ ಕಲ್ಲುಗಳ ಮೇಲೆ ಚಂದ್ರಮತಿಯನ್ನು ನಡೆಸಿ ನೋಡಿ, ಬೆವರೊರೆಸುತ್ತ ಬಂದು ಕೂರುವಾಗ ಪಲ್ಯದ ಒಗ್ಗರಣೆ ಒಲೆಯ ಮೇಲಿತ್ತು, ಸ್ವಲ್ಪದರಲ್ಲೇ ಬಾಳೆ ಎಲೆ ಬಿತ್ತು. ಕುಚಲಕ್ಕಿ ಅನ್ನ, ಹುರುಳಿ ಸಾರು, ಬಾಳೆಕಾಯಿ ಪಲ್ಯ.

ಚಂದ್ರಮತಿ ಒಂದು ತುತ್ತು ಉಂಡಳು. ಇನ್ನೊಂದು ತುತ್ತು ಉಂಡಳು. "ಉಪ್ಪ್ ಸಮಾ ಇತ್ತ್," ಎಂದಳು. ಅವಳ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿದ್ದಿಲ್ಲ. ವಿನಯಾ ನಿಧಾನವಾಗಿ ಉಂಡಳು. ಗಂಡ ಬೇಯಿಸಿದ ಅನ್ನ, ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ. ರುಚಿಗಿಂತ ಹೆಚ್ಚಾಗಿ ಅದರ ಬಿಸಿ ಅವಳಿಗೆ ಹೊಸದು. ಎಲ್ಲರಿಗೂ ಬಡಿಸಿದ ಮೇಲೆ ಕೂತವಳಿಗೆ ಬಿಸಿ ಅನ್ನ ಎಲ್ಲಿಂದ ಸಿಕ್ಕಬೇಕು?

ಬೆಳಿಗ್ಗೆ ಅವಳಿಗೆ ಎಚ್ಚರವಾದದ್ದು ಸೂರಣ್ಣನ ಕೂಗಿಗೆ.

ಬಯಲಿನ ಕೆಳಗೆ ಸೂರಣ್ಣನ ಗೆಣಸಿನ ಗದ್ದೆ ಇತ್ತು. ಹಂದಿ ಬಾರದ ಹಾಗೆ ಸುತ್ತ ಹಳೆಯ ಮೀನುಬಲೆ ಕಟ್ಟಿದ್ದ. ಚಂದ್ರಮತಿಯೇ ಹಿಂದೊಮ್ಮೆ ಮೀನಿನ ಜೊತೆ ಹೊತ್ತು ತಂದುಕೊಟ್ಟ ಬಲೆ ಅದು. ಈಗ ಬಲೆ ಹರಿದು ಜೋಲುತ್ತಿತ್ತು. ಗದ್ದೆಯ ಒಂದು ಮೂಲೆ ಉತ್ತು ಹಾಕಿದ ಹಾಗೆ ಕಾಣುತ್ತಿತ್ತು. ಬಳ್ಳಿಗಳೆಲ್ಲ ಬೇರು ಮೇಲಾಗಿ ಬಿದ್ದಿದ್ದವು. ಸೂರಣ್ಣ ಬಯಲಿಗೆ ಹತ್ತಿ ಬಂದವನೇ ವಿನಯಾಳನ್ನು ದಾಟಿ ರತೀಶನ ಎದುರು ನಿಂತ.

"ರತೀಶಣ್ಣ, ಎಂತ ಇದ್? ಮೂರ್ ವರ್ಷದಿಂದ ಹಂದಿ ಈ ಕಡಿ ತಲಿ ಹಾಕಿರಲ್ಲೆ. ನೀವ್ ಬಂದ್ ಒಂದ್ ರಾತ್ರಿಗ್ ಹೀಂಗೆ! ಹೆಂಗ್ಸ್ರ್ ಯಜಮಾನ್ಕಿ ಮಾಡುಕ್ ಹೊರ್ಟ್ರೆ ಹೀಂಗೇ ಆಪುದ್. ಇನ್ನ್ ಹನ್ನೊಂದ್ ಜನ ಬಂದ್ರೆ ನನ್ ಗದ್ದಿ ಉಳಿತ್ತಾ? ನಂಗ್ ಜಾಗ ಕೊಡುಕ್ ಆಪುದಿಲ್ಲೆ. ಮನಿಯವ್ಳಿಗ್ ಹೇಳಿ."

ಮನೆಯವಳು ಎರಡು ಮಾರು ದೂರದಲ್ಲೇ ನಿಂತಿದ್ದಳು. ಅವಳ ಕಣ್ಣು ಹಂದಿಗಳ ಗೊರಸಿನ ಗುರುತನ್ನು ಹಿಂಬಾಲಿಸಿತು. ಅವು ನೇರ ಗದ್ದೆಗೆ ಬಂದಿರಲಿಲ್ಲ. ಮೊದಲು ಒಲೆಯ ಹಿಂದಿನ ಬಂಡೆಯ ಬುಡಕ್ಕೆ ಬಂದಿದ್ದವು. ಅಲ್ಲಿ ಬಾಳೆ ಎಲೆಯ ಚೂರು, ಅದಕ್ಕೆ ಅಂಟಿದ ಒಣಸಿಗಡಿಯ ತಲೆಗಳು.

ಆಗಿದ್ದೇನೆಂದು ಅವಳಿಗೆ ತಿಳಿಯಿತು. ಮೀನಿಲ್ಲದೆ ಗಂಟಲಲ್ಲಿ ಅನ್ನ ಇಳಿಯದ ತಾಯಿಯೂ ಮಗನೂ ಸಿಗಡಿ ಚಟ್ನಿಯನ್ನು ಕದ್ದು ತಂದಿದ್ದಾರೆ. ಡೇರೆಯ ಹಿಂದೆ ಕೂತು ತಿಂದಿದ್ದಾರೆ. ತಿಂದ ಮೇಲೆ ರತೀಶ ಉಳಿದದ್ದನ್ನು ಒಯ್ದು ಬಂಡೆಯ ಅಂಚಿನಿಂದ ಕೆಳಗೆ ಎಸೆದಿದ್ದಾನೆ. ಬೇಕೆಂದು ಎಸೆದದ್ದಲ್ಲ. ಬೋಟಿನಲ್ಲಿ ಉಂಡು ಉಳಿದದ್ದೆಲ್ಲ ಅಂಚಿನಿಂದ ಆಚೆಗೆ, ಕಡಲು ನುಂಗುತ್ತದೆ. ಆ ಕೈಗೆ ಅಂಚು ಕಂಡರೆ ಸಾಕು. ಆದರೆ ಕಾಡಿನಲ್ಲಿ ಅಂಚಿನ ಆಚೆಗೂ ಯಾರದೋ ಗದ್ದೆ ಇರುತ್ತದೆ.

ಇದು ತನ್ನ ಗಂಡನ ಕೆಲಸ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ರತೀಶ ನೆಲ ನೋಡುತ್ತಿದ್ದ. ಚಂದ್ರಮತಿ ಡೇರೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು. ವಿನಯಾಳ ಎದೆಯಲ್ಲಿ ಸಿಟ್ಟು ಉಕ್ಕಿ ಬಾಯಿಯವರೆಗೆ ಬಂತು. ಈ ಜಾಗ ಹೋದರೆ ಇನ್ನೊಂದು ಜಾಗವಿಲ್ಲ, ಅನುಮತಿ ಇದಕ್ಕೇ ಕೊಟ್ಟದ್ದು. ಅಮಿತಾರಿಗೆ ಫೋನು ಮಾಡಿ ಆಗುವುದಿಲ್ಲ ಎನ್ನಬೇಕು. ಮತ್ತೆ ಜಿತೇಂದ್ರರ ಅಡುಗೆಮನೆ, ಮತ್ತೆ ಅದೇ ಕಾಯಿತುರಿ.

ಅವಳು ಸಿಟ್ಟನ್ನು ನುಂಗಿ ಗಂಡನ ಮುಂದೆ ಹೋಗಿ ನಿಂತಳು. ಈಗ ಸೂರಣ್ಣ ಅವಳನ್ನು ನೋಡದೆ ಗತಿಯಿರಲಿಲ್ಲ.

"ಸೂರಣ್ಣ, ಮಾತ್ ನನ್ನತ್ರ ಆಡಿ. ಈ ಕ್ಯಾಂಪ್ ನಂದ್. ಇಲ್ಲ್ ಆದ್ ತಪ್ಪೂ ನಂದೇ. ಒಲಿ ಹತ್ರ ಉಳ್ದದ್ದ್ ಬಿಸಾಡುಕಾಗ ಅಂದೇಳಿ ನಾನ್ ನಿಂತ್ ಕಾಣ್ಕಿತ್ತ್, ಕಾಣಲ್ಲೆ. ಇವತ್ತ್ ಸಂಜಿ ಒಳ್ಗೆ ಬಳ್ಳಿ ಎಲ್ಲ ತಿರ್ಗಿ ನೆಟ್ಟ್ ಕೊಡ್ತೆ. ಬಲಿ ಹೊಸ್ತಾಗ್ ಕಟ್ಟಿ ಕೊಡ್ತೆ. ಇನ್ಮೇಲೆ ಒಂದ್ ಅಗ್ಳ್ ಅನ್ನವೂ ಇಲ್ಲ್ ಬೀಳುದಿಲ್ಲೆ. ಮುಚ್ಚ್ಳ ಇಪ್ಪು ಡ್ರಮ್ಮಂಗೆ ಹಾಯ್ಕಂಡ್ ಉಪ್ಪುಂದಕ್ಕೇ ವಾಪಾಸ್ ತಕಂಡ್ ಹೋತೆ. ಅದಾದ್ ಮೇಲೂ ಹಂದಿ ಬಂದ್ರೆ, ನೀವ್ ಹೇಳು ಮೊದ್ಲೇ ಡೇರಿ ಬಿಚ್ತೆ."

ಸೂರಣ್ಣನ ಸಿಟ್ಟು ಅರ್ಧ ಇಳಿಯಿತು. ಆದರೆ ಹೆಂಗಸಿನ ಮಾತಿಗೆ ಗಂಡಸೊಬ್ಬನ ರುಜು ಬೇಕೆನ್ನುವ ಹಾಗೆ ಅವಳ ಹೆಗಲಿನಾಚೆ ಇಣುಕಿದ. "ನೀವ್ ಎಂತ ಹೇಳ್ತ್ರಿ ರತೀಶಣ್ಣ?"

ರತೀಶ ತಲೆಯೆತ್ತಿದ. ಹಿಂದೊಮ್ಮೆ ಆಳಸಮುದ್ರದಲ್ಲಿ ಅವನ ಜೊತೆಯವನೊಬ್ಬ ಹಗ್ಗ ಸರಿಯಾಗಿ ಬಿಗಿಯದೆ ಬಲೆ ಕಳೆದಿತ್ತು. ದಡಕ್ಕೆ ಬಂದಾಗ ಬೋಟಿನ ಧಣಿಯ ಮುಂದೆ ತಾಂಡೇಲ ಆ ಹೆಸರು ಹೇಳಲೇ ಇಲ್ಲ. ನನ್ನ ಬೋಟು, ನನ್ನ ತಪ್ಪು ಎಂದ. ಒಳ್ಳೆಯ ತಾಂಡೇಲನ ಗುರುತು ಅದು. ಆ ಮಾತನ್ನು ಈಗ ಅವನು ತನ್ನ ಹೆಂಡತಿಯ ಬಾಯಲ್ಲಿ ಕೇಳಿದ್ದ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ನನ್ನತ್ರ ಎಂತ ಕೇಂತ್ರಿ ಸೂರಣ್ಣ? ಸಿಗ್ಡಿ ಬಿಸಾಡದ್ ನಾನ್, ಅವ್ಳಲ್ಲ. ಅವ್ಳ್ ಬ್ಯಾಡ ಅಂದಿದ್ಳ್. ಇನ್ನ್ ಜಾಗದ್ ಮಾತ್ ಇತ್ತಲ್ಲ, ತಾಂಡೇಲ ಮಾತಾಡುವತಿಗೆ ಅಡ್ಗಿಯವ್ ಬಾಯಿ ಹಾಕುದಿಲ್ಲೆ." ಹಾಗೆಂದು ತಾಯಿಯತ್ತ ತಿರುಗಿದ. "ಅಮ್ಮಾ, ಬಾ. ಬಲಿ ಹೊಲಿಯುಕಿತ್ತ್."

ಸೂರಣ್ಣ ಒಂದು ಗಳಿಗೆ ಪಿಳಿಪಿಳಿ ನೋಡಿದ. ಆಮೇಲೆ ವಿನಯಾಳಿ‌ಗೇ ಹೇಳಿದ, "ಸಂಜಿ ಒಳ್ಗೆ ಆಯ್ಕ್, ಕಾಣಿ."

ತಾಯಿ ಮಗ ಗದ್ದೆಯ ಅಂಚಿನಲ್ಲಿ ಕೂತು ಬಲೆ ಹೊಲಿದರು. ಅದು ಅವರಿಗೆ ಕಣ್ಣು ಮುಚ್ಚಿ ಮಾಡುವ ಕೆಲಸ. ವಿನಯಾ ಮಣ್ಣಿಗೆ ಇಳಿದಳು. ಜೊತೆಗೆ ಸೂರಣ್ಣನ ಹೆಂಡತಿ ವನಜ ಬಂದಳು. ಗದ್ದೆಯಲ್ಲಿ ಬಳ್ಳಿ ನೆಟ್ಟವಳು ಮೊದಲೂ ಅವಳೇ. ಜಾಗ ಕೊಡುವ ಮಾತಿನಲ್ಲಿ ಮಾತ್ರ ಅವಳನ್ನು ಯಾರೂ ಕೇಳಿರಲಿಲ್ಲ.

"ಸಮಾ ಮಾತಾಡ್ದೆ ಮಾರಾಯ್ತಿ," ಎಂದಳು ವನಜ ದನಿ ತಗ್ಗಿಸಿ. "ಒಂದ್ ಕೇಂತೆ, ನಗುಕಾಗ. ನಾನೂ ಬಪ್ಪುಕಾತ್ತಾ ನಿಮ್ಮೊಟ್ಟಿಗೆ?"

"ಎಲ್ಲಿಗೆ?"

"ಕಾಡಿಗೆ. ಮದಿಯಾಯ್ ಬಂದ್ ಮೇಲೆ ಈ ಕಾಡಿನ ಬುಡದಗೇ ಇಪ್ಪುದ್. ಸೌದಿಗ್, ಸೊಪ್ಪಿಗ್ ಅಲ್ದೆ ಒಂದ್ ದಿನ ಹೋಯಲ್ಲೆ. ತಲಿ ಮೇಲ್ ಹೊರಿ ಇದ್ರೆ ಮೇಲ್ ಕಾಂಬುಕೆಲ್ಲಾತ್ತ್?"

ಬಳ್ಳಿ ಹಿಡಿದಿದ್ದ ವಿನಯಾಳ ಕೈ ನಿಂತಿತು. ತಲೆಯ ಮೇಲೆ ಬುಟ್ಟಿ ಹೊತ್ತು ಇದೇ ದಾರಿಯಲ್ಲಿ ನಡೆದವಳು ಅವಳು. "ಬನ್ನಿ ವನಜಕ್ಕ," ಎಂದಳು. "ಕೈ ಬೀಸ್ಕಂಡ್ ಬನ್ನಿ."

ಸಂಜೆ ಬಸ್ಸಿಗೆ ಕಾಯುವಾಗ ವಿನಯಾ ಗಂಡನ ಲೆಕ್ಕ ತೀರಿಸಿದಳು. "ಇನ್ನೊಂದ್ ಸಲ ಎಂತಾರೂ ಬಿಸಾಡಿದ್ರೆ ನಿಮ್ಮನ್ನ ಅರ್ಧ ದಾರಿಯಗೇ ಇಳ್ಸ್ತೆ."

"ಕೈ ಅಭ್ಯಾಸ ಮಾರಾಯ್ತಿ."

"ಅಭ್ಯಾಸ ಬಿಡೂದ್ ನಂಗೂ ಸುಲಭ ಇಲ್ಲೆ. ನಿನ್ನೆ ನಿಮ್ ಪಲ್ಯಕ್ ಒಗ್ಗರ್ಣಿ ಸೀದ್ ಹೋತ್ತ್ ಅಂದೇಳಿ ಕಂಡ್ರೂ ಕೈ ಕಟ್ಟಿ ಕೂಕಂಡಿದ್ದೆ."

"ನಂಗ್ ಗೊತ್ತಿತ್ತ್. ನಿನ್ ಕೈ ಕಾಣ್ತಿದ್ದೆ," ಎಂದ ರತೀಶ. ಇಬ್ಬರೂ ನಕ್ಕರು. ಚಂದ್ರಮತಿ ಮಾತ್ರ ಮುಖ ಆಚೆ ತಿರುಗಿಸಿ, ಸಿಗಡಿ ಚಟ್ನಿಯ ಸುದ್ದಿ ತನಗೆ ಸಂಬಂಧವೇ ಇಲ್ಲ ಎನ್ನುವ ಹಾಗೆ ಬಸ್ಸು ಕಾಯುತ್ತಿದ್ದಳು.

ಡಿಸೆಂಬರಿನ ಆ ದಿನ ವ್ಯಾನು ಹತ್ತಕ್ಕೇ ಬ್ರಹ್ಮಾವರ ಬಿಟ್ಟಿತು. ಮಾವಿನಹಕ್ಲಿನಲ್ಲಿ ಇಳಿದವರಲ್ಲಿ ಟೀಚರುಗಳಿದ್ದರು, ಬ್ಯಾಂಕಿನವರಿದ್ದರು, ಮೊಮ್ಮಗುವನ್ನು ಮಗನ ಕೈಗೆ ಕೊಟ್ಟು ಬಂದ ಅಜ್ಜಿಯೊಬ್ಬರೂ ಇದ್ದರು. ಮೊದಲ ಸಂಜೆ ಎಲ್ಲರೂ ಅಭ್ಯಾಸಬಲದಿಂದ ಒಬ್ಬೊಬ್ಬರಾಗಿ ಒಲೆಯ ಹತ್ತಿರ ಹೋಗಿ, ಏನಾದರೂ ಹೆಚ್ಚಿ ಕೊಡಬೇಕಾ ಎಂದು ಕೇಳಿದರು. ರತೀಶ ಸೌಟು ತೋರಿಸಿ ಎಲ್ಲರನ್ನೂ ಓಡಿಸಿದ. ಮುಚ್ಚಳದ ಡ್ರಮ್ಮು ಒಲೆಯ ಪಕ್ಕದಲ್ಲೇ ಕೂತಿತ್ತು. ಮರುದಿನ ಬೆಳಿಗ್ಗೆ ಸೂರಣ್ಣ ಗದ್ದೆಯನ್ನು ಎರಡು ಸುತ್ತು ಬಂದು, ಗೊಣಗಲು ಏನೂ ಸಿಗದೆ ಚಾ ಕುಡಿದು ಹೋದ.

ಎರಡನೆಯ ದಿನದ ನಡಿಗೆಗೆ ವನಜ ಬಂದಳು. ಹೊಸ ಸೀರೆ ಉಟ್ಟಿದ್ದಳು, ಕೈ ಬೀಸಿಕೊಂಡೇ ಬಂದಳು. ಹೊಳೆ ದಾಟಿ, ಏರು ಹತ್ತಿ, ಹಲಸಿನ ಮರಗಳ ಕೆಳಗೆ ಬಂದಾಗ ವಿನಯಾ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದಳು. ಹಿಂದೆ ಬರುತ್ತಿದ್ದ ಗಾರ್ಡೂ ನಿಂತ. ಎಲ್ಲಿಯೋ ಒಂದು ಎಲೆ ಅಲುಗಿತು. ಆಮೇಲೆ ಒಂದು ಕೊಂಬೆ. ಕರಿ ಮೈ, ಮುಖದ ಸುತ್ತ ಬೆಳ್ಳಿ ಕೇಸರ, ಸಿಂಗಳೀಕ. ಒಂದಲ್ಲ, ಒಂದರ ಹಿಂದೆ ಒಂದು. ಕೊನೆಗೆ ಹೊಟ್ಟೆಗೆ ಮರಿ ಅವಚಿಕೊಂಡ ತಾಯಿ ಕೊಂಬೆಯಿಂದ ಕೊಂಬೆಗೆ ಹಾರಿತು.

"ಅಬ್ಬಾ, ಮರಿ ಕಟ್ಕಂಡ್ ಹ್ಯಾಂಗ್ ಹಾರ್ತ್ ಕಾಣಿ," ಎಂದಳು ವನಜ ಪಿಸುದನಿಯಲ್ಲಿ.

ವಿನಯಾ ದುರ್ಬೀನನ್ನು ಅವಳ ಕೈಗೆ ಕೊಟ್ಟು, ಸಿಂಗಳೀಕಗಳು ನೆಲಕ್ಕೆ ಇಳಿಯುವುದು ಅಪರೂಪ ಎಂಬುದನ್ನೂ, ಮರದಿಂದ ಮರಕ್ಕೆ ಕೊಂಬೆ ತಾಗದೆ ಹೋದರೆ ಅವುಗಳ ದಾರಿಯೇ ತಪ್ಪುತ್ತದೆ ಎಂಬುದನ್ನೂ ಹೇಳತೊಡಗಿದಳು. ಅವಳ ದನಿ ಎತ್ತರವಿರಲಿಲ್ಲ. ಆದರೆ ಆ ದನಿಗೆ ಎಲ್ಲಿಗೂ ಓಡಿಹೋಗುವ ಅವಸರವೂ ಇರಲಿಲ್ಲ. ಇಷ್ಟು ಹೊತ್ತಿಗೆ ಇಳಿದು ಹೋಗಿ ಅಕ್ಕಿ ಹಾಕಬೇಕು ಎಂದು ಅವಳ ಕಾಲು ಹಿಂದೆಲ್ಲ ತಾನಾಗಿಯೇ ಚಡಪಡಿಸುತ್ತಿತ್ತು. ಇವತ್ತು ಅದು ನೆಲದ ಮೇಲೆ ಗಟ್ಟಿಯಾಗಿ ನಿಂತಿತ್ತು.

ಗುಂಪು ಕೊಂಬೆಗಳಾಚೆ ಮರೆಯಾದ ಮೇಲೆ ಎಲ್ಲರೂ ಬಂಡೆಯ ಮೇಲೆ ಕೂತರು. ಅಮಿತಾ ಬಾಟಲಿಯ ನೀರು ಕುಡಿದು ಕೇಳಿದರು, "ವಿನಯಕ್ಕ, ಹಸಿವಾಗ್ತಾ ಉಂಟು. ಮಧ್ಯಾಹ್ನ ಊಟಕ್ಕೆ ಎಂತ?"

ವಿನಯಾ ಬಾಯಿ ತೆರೆದಳು. ಉತ್ತರ ಇರಲಿಲ್ಲ. ಒಂದು ಹೊತ್ತಿನ ಊಟದ ಪ್ರಶ್ನೆಗೆ ಉತ್ತರವಿಲ್ಲದೆ ಅವಳು ನಿಂತದ್ದು ಬುದ್ಧಿ ಬಂದಂದಿನಿಂದ ಇದೇ ಮೊದಲು. ಅವಳ ಮುಖದಲ್ಲಿ ನಿಧಾನವಾಗಿ ನಗು ಹರಡಿತು.

"ನಂಗ್ ಗೊತ್ತಿಲ್ಲೆ ಟೀಚರೆ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಅಡ್ಗಿಯವ್ರ್ ಹತ್ರ ಕೇಣ್ಕ್. ಈಗ ಬನ್ನಿ, ಮೇಲೊಂದ್ ಮರ ಇತ್ತ್, ಅಲ್ಲ್ ಮಂಗಟ್ಟೆ ಗೂಡ್ ಕಟ್ಟೂದ್."